ಏಕಗವಾಕ್ಷಿ

ನಾನು ಎಫ್‌ಡಿಎ. ಪ್ರಥಮ ದರ್ಜೆ ಸಹಾಯಕಿ,
ಜಿಲ್ಲಾ ಕೈಗಾರಿಕಾ ಕೇಂದ್ರ, ಚಿತ್ರದುರ್ಗ.
ಮೇಜಿನ ಮೇಲಿರುವುದು ಎಫ್‌ಡಿಐ.
ಒಂದೇ ಅಕ್ಷರದ ವ್ಯತ್ಯಾಸ, ಅಂತ ಜವಾನ ಬುಡೇನ್ ಸಾಬ್
ಅದೇ ತಮಾಷೆಯನ್ನು ಹಳೇ ಚಹಾದಂತೆ ದಿನಾ ಕಾಯಿಸಿ ಕೊಡುತ್ತಾನೆ.

ಹಾಲೆಂಡಿನ ಕಂಪನಿ,
ಗಾಳಿಯಂತ್ರದ ರೆಕ್ಕೆ ಮಾಡುವವರು,
ಭರಮಸಾಗರದ ಆಚೆ ಅರವತ್ತು ಎಕರೆ ಕೇಳಿದ್ದಾರೆ.
ಬಂಡವಾಳ ಪೂರ್ತಿ ಅವರದೇ, ನೂರಕ್ಕೆ ನೂರು,
ಸ್ವಯಂಚಾಲಿತ ಮಾರ್ಗ:
ಅಂದರೆ ದಿಲ್ಲಿಯಲ್ಲಿ ಯಾರ ಬಾಗಿಲನ್ನೂ ತಟ್ಟಬೇಕಿಲ್ಲ,
ಬಂದ ಮೇಲೆ ರಿಸರ್ವ್ ಬ್ಯಾಂಕಿಗೆ ಒಂದು ಮಾತು ತಿಳಿಸಿದರೆ ಸಾಕು,
ನೆಂಟರು ಚಪ್ಪಲಿ ಬಿಟ್ಟು ಒಳಗೆ ಬಂದು
'ನಾನೇ' ಅನ್ನುವ ಹಾಗೆ.

ಜಮೀನು, ನೀರು, ಕರೆಂಟು, ಹೊಗೆ
ಮಾತ್ರ ನಮ್ಮ ಪಾಲಿನವು. ಅವಕ್ಕೆ ಒಂದೇ ಕಿಟಕಿ,
ಏಕಗವಾಕ್ಷಿ ಅಂತ ಬೋರ್ಡು ಬರೆಸಿದ್ದೇವೆ.
ಕಿಟಕಿಯ ಹಿಂದೆ ಏಳು ಮೇಜು.

ಯೋಸ್ಟ್ ಅನ್ನುವವರು ಬಂದರು. ಆರಡಿಯ ಮೇಲೆ ಇನ್ನೂ ಅರ್ಧ ಅಡಿ,
ಬಿಸಿಲಿಗೆ ಕಿವಿ ಬ್ಯಾಡಗಿ ಮೆಣಸಿನಕಾಯಿ.
ಕೋಟೆ ತೋರಿಸಿ ಅಂದರು ಜಂಟಿ ನಿರ್ದೇಶಕರು.
ಪಕ್ಕದ ರಾಜ್ಯದವರು ಇವರಿಗೆ ಸಮುದ್ರ ತೋರಿಸಿದ್ದಾರಂತೆ,
ಜಮೀನಿಗೆ ಅರ್ಧ ಬೆಲೆ, ಹತ್ತು ವರ್ಷ ತೆರಿಗೆ ಮಾಫಿ.
ನಮ್ಮ ಹತ್ತಿರ ಸಮುದ್ರ ಇಲ್ಲ. ಕಲ್ಲಿದೆ.

ಮೊದಲ ಬಾಗಿಲು ದಾಟಿದೆವು. ದಾರಿ ಎಡಕ್ಕೆ ಮುರಿಯಿತು.
ಇನ್ನೊಂದು ಬಾಗಿಲು. ಬಲಕ್ಕೆ.
'ನೇರ ಯಾಕಿಲ್ಲ?' ಅಂದರು.
ಆನೆ ಓಡಿ ಬಂದು ಗುದ್ದಬಾರದು ಅಂತ, ಅಂದೆ,
ಓಡಲು ಜಾಗ ಸಿಗದ ಆನೆ ಬರೀ ದೊಡ್ಡ ಎಮ್ಮೆ.
ನಕ್ಕು ಬೆರಳಲ್ಲಿ ಬಾಗಿಲು ಎಣಿಸತೊಡಗಿದರು,
ನಾಲ್ಕಕ್ಕೆ ನಿಂತರು:
'ನನಗೆ ಒಂದೇ ಕಿಟಕಿ ಅಂತ ಹೇಳಿದ್ದರಲ್ಲ?'

ಮೇಲೆ ಅಕ್ಕ ತಂಗಿ ಹೊಂಡ. ನೀರು ಹಸಿರಾಗಿ ಮಲಗಿತ್ತು.
ಬಂಡೆಗೆ ಬಿದ್ದ ಹನಿಯನ್ನೂ ಬಿಡದೆ
ಕೈಹಿಡಿದು ಕರೆತರುವ ಕಾಲುವೆ,
ಒಂದು ತುಂಬಿದರೆ ಇನ್ನೊಂದಕ್ಕೆ, ಅದೂ ತುಂಬಿದರೆ
ಕೆಳಗೆ ಊರಿನ ಸಂತೆ ಹೊಂಡಕ್ಕೆ.
ಇಷ್ಟು ವರ್ಷ ನೋಡಿಯೂ ಕಾಣದ್ದು ಅಲ್ಲಿ ಕಂಡಿತು:
ಕಟ್ಟಿದವರು ಆನೆಗೆ ದಾರಿ ಮುರಿದರು,
ಮಳೆಗೆ ದಾರಿ ಕೊರೆದರು,
ಅದೇ ಉಳಿ, ಅದೇ ಕೈ.

ಈ ದುಡ್ಡು ಆನೆಯೋ, ಮಳೆಯೋ?
ನಮೂನೆಯಲ್ಲಿ ಆ ಕಾಲಂ ಇಲ್ಲ.

ಅಪ್ಪ ದಾವಣಗೆರೆಯ ಹತ್ತಿ ಗಿರಣಿಯಲ್ಲಿದ್ದ,
ರಾತ್ರಿ ಪಾಳಿ, ಕೂದಲಲ್ಲಿ ಸದಾ ನೂಲಿನ ಧೂಳು.
ಆ ದುಡ್ಡು ಹೊರಗಿನದಲ್ಲ, ಊರಿನ ಸಾಹುಕಾರರದೇ,
ಅಪ್ಪನ ಮದುವೆಗೆ ಬಂದು ಹೋಳಿಗೆ ಉಂಡವರದು.
ಹೋಗುವಾಗ ಅದೂ ಹೇಳಿ ಹೋಗಲಿಲ್ಲ.
ಒಂದು ಬೆಳಿಗ್ಗೆ ಸೈರನ್ನು ಕೂಗಲಿಲ್ಲ, ಅಷ್ಟೇ;
ಅಮ್ಮ ಒಲೆ ಹಚ್ಚುವುದು ತಡವಾಯಿತು.
ಅದಕ್ಕೇ, ಬರುವ ಬಾಗಿಲಿಗೆ ಹದಿನೆಂಟು ನಮೂನೆ ತುಂಬುವಾಗೆಲ್ಲ
ಹೋಗುವ ಬಾಗಿಲು ಎಲ್ಲಿದೆ ಅಂತ ಹುಡುಕುತ್ತೇನೆ.

ಆ ಸಂಜೆ ಟಿಪ್ಪಣಿ ಬರೆದೆ. ಉದ್ಯೋಗ, ಸ್ಥಳೀಯರು, ತ್ಯಾಜ್ಯ,
ಎಲ್ಲ ಸಿದ್ಧ ವಾಕ್ಯಗಳು, ಹಳೇ ಕಡತದಿಂದ ಎದ್ದು ಬಂದು ಕೂತವು.
ಕೊನೆಗೆ ಅಂಚಿನಲ್ಲಿ, ಪೆನ್ಸಿಲ್ಲಿನಲ್ಲಿ
(ಮಸಿಯಲ್ಲಿ ಷರತ್ತು ಹಾಕಲು ನನಗೆ ಅಧಿಕಾರವಿಲ್ಲ):
'ಕೊಳವೆಬಾವಿ ಕೊರೆಯತಕ್ಕದ್ದಲ್ಲ. ಚಾವಣಿಯ ಮಳೆ ಹಿಡಿದು
ತುಂಬಿ ಉಳಿದದ್ದನ್ನು ಕೆಳಗಿನ ಕೆರೆಗೆ ಬಿಡತಕ್ಕದ್ದು.'

ಕಡತ ಬೆಂಗಳೂರಿಗೆ ಹೋಗಿ ಎಂಟು ತಿಂಗಳಿಗೆ ತಿರುಗಿ ಬಂತು.
ಮಂಜೂರು. ಷೆಡ್ಡಿನ ಕಂಬಗಳು ಏಳುತ್ತಿವೆ.
ಬುಡೇನ್ ಸಾಬನ ಮಗಳು ಮುಬೀನಾ, ಐಟಿಐ ಫಿಟ್ಟರ್,
ಮೊದಲ ಪಟ್ಟಿಯಲ್ಲಿದ್ದಾಳೆ; ಪೇಡೆ ಹಂಚಿದ,
ಆವತ್ತು ಅಕ್ಷರದ ತಮಾಷೆ ಮಾಡಲಿಲ್ಲ.

ಪೆನ್ಸಿಲ್ಲಿನ ಸಾಲನ್ನು ಯಾರೋ ಅಳಿಸಿದ್ದರು, ಚೆನ್ನಾಗಿಯೇ.
ರಬ್ಬರಿನ ಪುಡಿ ಟ್ಯಾಗಿನ ಹತ್ತಿರ ಇನ್ನೂ ಇತ್ತು.
ಕಿಟಕಿಯ ಬೆಳಕಿಗೆ ಹಾಳೆಯನ್ನು ಓರೆ ಮಾಡಿದೆ.
ಒತ್ತಿ ಬರೆಯುವ ಕೈ ನನ್ನದು.
'ಕೆರೆಗೆ' ಅನ್ನುವವರೆಗೆ ಓದಬಹುದು.