ಹದಿನಾಲ್ಕು ಬೈತಲೆ

ಮೊದಲ ಶನಿವಾರ ಬಾಚಣಿಗೆಯ ಹಲ್ಲು ಮುರಿದೆ, ಮೂರು.
ಎರಡು ಸಿಕ್ಕವು. ಇನ್ನೊಂದು
ಸೋಮವಾರ ಸ್ಕೂಲಿನಲ್ಲಿ ಉದುರಿತಂತೆ,
ಗಣಿತದ ಪುಸ್ತಕದ ಮೇಲೆ.

ಅಮ್ಮನಿಗೆ ಲಕ್ವ ಹೊಡೆದಿದೆಯೆಂದು ಟಮೀಕಾ ಮೇಕನ್ನಿಗೆ ಹೊರಟಾಗ
ಮಗಳ ಕೂದಲು ಕೊಂಕದಂತೆ ನೋಡಿಕೊಳ್ಳುತ್ತೇನೆ ಅಂದಿದ್ದೆ.
ಕನ್ನಡ ಕಲಿತವಳು, ಅಷ್ಟು ಅಳುವಿನಲ್ಲೂ ನಕ್ಕಳು:
ಕೊಂಕಿಕೊಂಡೇ ಹುಟ್ಟಿದೆಯಲ್ಲೋ ಅದು,
ನೀನು ನೆಟ್ಟಗೆ ಮಾಡದಿದ್ದರೆ ಸಾಕು.

ಸಲಹೆಗೇನು ಕಮ್ಮಿ ಪೊನ್ನಂಪೇಟೆಯಲ್ಲಿ?
ಗೋಣಿಕೊಪ್ಪದ ಪಾರ್ಲರಿನವಳು: ಸ್ಟ್ರೈಟನಿಂಗ್ ಮಾಡಿಸಿ,
ಮೂರೂವರೆ ಸಾವಿರ, ಆರು ತಿಂಗಳು ತಲೆನೋವಿಲ್ಲ.
ಚೋಂದಮ್ಮತ್ತೆ: ಗುಬ್ಬಿ ಗೂಡು. ಬೋಳಿಸಿಬಿಡು, ನೇರ ಬರುತ್ತದೆ.
ಬಸ್ಸಿನಲ್ಲಿ ಗುರುತಿಲ್ಲದ ಒಬ್ಬರು
ಕೇಳದೆಯೇ ಕೈ ಹಾಕಿ ಒತ್ತಿ ನೋಡಿದರು,
ಅಂಗಡಿಯಲ್ಲಿ ಬ್ರೆಡ್ಡು ಇವತ್ತಿನದಾ ಅಂತ ನೋಡುವ ಹಾಗೆ.
ದೇಚು ಆ ಕೈಯನ್ನು ಎತ್ತಿ
ಅವರದೇ ತೊಡೆಯ ಮೇಲೆ ವಾಪಸಿಟ್ಟಳು.
ಏಳು ವರ್ಷ. ನಾನು ಕಲಿಸಿದ್ದಲ್ಲ ಅದು.

ನಾನು ಜೀಪ್ ರಿಪೇರಿಯವನು.
ತುಕ್ಕು ಹಿಡಿದ ನಟ್ಟಿನ ಜೊತೆ ಜಗಳಾಡಬಾರದು, ಗೊತ್ತು:
ಎಣ್ಣೆ ಬಿಟ್ಟು, ಒಂದು ಬೀಡಿ ಸೇದಿ, ಆಮೇಲೆ ಸ್ಪ್ಯಾನರ್.
ಇಲ್ಲಿ ಅದೂ ತಪ್ಪು.
ಮೊದಲು ನೀರು, ಅಂದಳು ಫೋನಿನಲ್ಲಿ. ನೀರೇ ಊಟ,
ಎಣ್ಣೆ ಬರೀ ಮುಚ್ಚಳ.
ಬುಡದಿಂದಲ್ಲ, ತುದಿಯಿಂದ. ಬೆರಳಿನಲ್ಲಿ. ನಿಧಾನ.

ತುದಿಯಿಂದ.
ಗಾಜು ಒರೆಸುವ ಸ್ಪ್ರೇ ಬಾಟಲಿ, ಮೂರು ಸಲ ತೊಳೆದದ್ದು.
ಒಂದು ಹಿಡಿ ಬಿಡಿಸಿ ಬಟ್ಟೆ ಒಣಹಾಕುವ ಕ್ಲಿಪ್ಪು,
ಇನ್ನೊಂದು ಹಿಡಿ, ಇನ್ನೊಂದು ಕ್ಲಿಪ್ಪು.
ಎಳೆದರೆ ಭುಜ ಮುಟ್ಟುತ್ತದೆ, ಬಿಟ್ಟರೆ
ಕಿವಿಯ ಮೇಲಕ್ಕೆ ಓಡಿಹೋಗುತ್ತದೆ.
ಇಷ್ಟು ಉದ್ದವನ್ನು ಇಷ್ಟರೊಳಗೆ ಮಡಚಿಟ್ಟವರು ಯಾರು?

ನಾಲ್ಕನೆಯ ಶನಿವಾರ, ರಾತ್ರಿ.
ನೆಟ್‌ವರ್ಕ್ ಸಿಗುವುದು ಬಚ್ಚಲ ಕಿಟಕಿಯಲ್ಲಿ ಮಾತ್ರ.
ಹಂಡೆಯ ಪಕ್ಕ ಸ್ಟೂಲು, ಸ್ಟೂಲಿನ ಮೇಲೆ ದೇಚು,
ಸೋಪಿನ ಗೂಡಿನಲ್ಲಿ ಫೋನು.
ಅಲ್ಲಿ ಬೆಳಗು. ಟಮೀಕಾ ಕೂಡ
ಅವಳಮ್ಮನ ಬೆನ್ನ ಹಿಂದೆ ನಿಂತು ಜಡೆ ಹೆಣೆಯುತ್ತಿದ್ದಾಳೆ,
ದಿಂಬಿಗೆ ಒತ್ತದ ಹಾಗೆ, ಸಪೂರ, ಬಿಳಿ.
ವರ್ನೆಲ್ ಅಮ್ಮನಿಗೆ ಈಗ ಮಾತಿಲ್ಲ. ಎಡಗೈ ಇದೆ.
ಅವರ ಬೀದಿಯ ಅರ್ಧ ಹೆಣ್ಣುಮಕ್ಕಳ ತಲೆ
ಆಕೆಯ ಮೊಣಕಾಲುಗಳ ನಡುವೆಯೇ ಬೆಳೆದದ್ದಂತೆ.

ಬಾಚಣಿಗೆಯ ಬಾಲದಿಂದ ಗೆರೆ ಎಳೆದೆ.
ನಮ್ಮವರಿಗೆ ತಲೆಗೊಂದೇ ಬೈತಲೆ. ಇವಳಿಗೆ ಹದಿನಾಲ್ಕು.
ಐದನೆಯದಕ್ಕೆ ಪರದೆಯಲ್ಲಿ ಒಂದು ಬೆರಳು ಎದ್ದಿತು,
ಗಾಳಿಯಲ್ಲಿ ಎಡಕ್ಕೆ, ಚೂರೇ ಚೂರು, ಸರಿಯಿತು.
ಬಿಚ್ಚಿದೆ. ಎಡಕ್ಕೆ ಎಳೆದೆ.
ಬೆರಳು ಇಳಿಯಿತು.

ಒಂಬತ್ತು ಮುಗಿಯುವಾಗ ನೆಟ್‌ವರ್ಕ್ ಹೋಯಿತು.
ಉಳಿದ ಐದು ನನ್ನವು.
ಬಿಗಿಯಾದರೆ ಹಣೆ ನೋವು,
ಸಡಿಲಾದರೆ ಸೋಮವಾರಕ್ಕೇ ಬಿಚ್ಚಿಕೊಳ್ಳುತ್ತದೆ.
ಫ್ಯಾನ್ ಬೆಲ್ಟಿಗೂ ಇದೇ ಲೆಕ್ಕ: ಹೆಬ್ಬೆರಳು ಒತ್ತಿದರೆ ಅರ್ಧ ಇಂಚು.
ಇಲ್ಲಿ ಅಳತೆಗೆ ದೇಚುವಿನ ಹುಬ್ಬು.

ಹತ್ತೂಕಾಲಿಗೆ ಚೋಂದಮ್ಮತ್ತೆ ಬಂದರು, ಟಾರ್ಚು ಹಿಡಿದು,
ಕಂಕುಳಲ್ಲಿ ತಮ್ಮ ಮದುವೆಯ ಕೆಂಪು ರೇಷ್ಮೆಯ ತಲೆವಸ್ತ್ರ.
ಹತ್ತಿ ದಿಂಬು ನೀರು ಕುಡಿಯುತ್ತದೆ ಅಂದಿದ್ದೆಯಲ್ಲ, ಕಟ್ಟು.
ಗೂಡೇ ಇದು, ಈಗಲೂ ಹೇಳುತ್ತೇನೆ.
ಒಗೆದು ವಾಪಸ್ ಕೊಡಬೇಕು.

ಕಟ್ಟುವ ಮೊದಲು ದೇಚು ಎರಡು ಕನ್ನಡಿ ಹಿಡಿದು
ಹಿಂದಲೆ ನೋಡಿಕೊಂಡಳು, ಬಹಳ ಹೊತ್ತು.
ಒಂಬತ್ತರವರೆಗೆ ಹೈವೇ, ಅಂದಳು,
ಆಮೇಲೆ ಮಾಕುಟ್ಟ ಘಾಟಿ.
ಫೋಟೊ ತೆಗೆ ಅಪ್ಪ, ಅಜ್ಜಿಗೆ ಕಳಿಸು.
ಘಾಟಿಯದು ಮೊದಲು.