ಗಾಜಿನೊಳಗಿನ ಬಣ್ಣ

ಪಾಸಾಗಲು ಇಲ್ಲಿ ಏಳಕ್ಕೆ ನಾಲ್ಕು ಬೇಕು.
ಯಾರಿತ್ಸಾಗೆ ಬಂದದ್ದು ಮೂರು ಪಾಯಿಂಟ್ ಎರಡು;
ಅದೇ ಕಲನಶಾಸ್ತ್ರ, ಎರಡನೇ ಸಲ.
ಗೋಡೆಗೆ ಅಂಟಿಸಿದ ಹಾಳೆಯಲ್ಲಿ ತನ್ನ ಸಂಖ್ಯೆಯ ಮೇಲೆ ಬೆರಳಿಟ್ಟು
ನಿಂತೇ ಇದ್ದಳು,
ತಪ್ಪಿದ ಬಸ್ಸಿನ ವೇಳೆಯನ್ನು ಮತ್ತೆ ಮತ್ತೆ ನೋಡುವವಳ ಹಾಗೆ.

ಮೂರನೆಯ ಸಲವೂ ತಪ್ಪಿದರೆ ಕೋರ್ಸೇ ಇಲ್ಲ.

ಕ್ಷೇಮ ಕಚೇರಿಯಲ್ಲಿ ಒಂದು ಫಾರ್ಮು ಕೊಟ್ಟರು:
ಕಳೆದ ಎರಡು ವಾರದಲ್ಲಿ ಎಷ್ಟು ರಾತ್ರಿ ನಿದ್ದೆ ಬರಲಿಲ್ಲ?
ಚೌಕಗಳು ನಾಲ್ಕು. ಇವಳು ಪೆನ್ನಿನಲ್ಲಿ ಐದನೆಯದೊಂದು ಬರೆದು
ಅದಕ್ಕೇ ಗುರುತು ಹಾಕಿ ಬಂದಳಂತೆ.
ಆಪ್ತಸಲಹೆಗೆ ದಿನ ಸಿಕ್ಕಿದ್ದು ಆರು ವಾರದಾಚೆ.
ಕಿಟಕಿಯ ಹೆಂಗಸು ಕೆಟ್ಟವಳೇನಲ್ಲ,
ಮಿಠಾಯಿ ಬಟ್ಟಲನ್ನು ಈಚೆ ತಳ್ಳಿ
'ಎರಡು ತಗೋ' ಅಂದಳು.

ಆ ಬುಧವಾರವೇ ಪ್ರಯೋಗಾಲಯದಲ್ಲಿ
ಇವಳ ಕೈಯಿಂದ ಕಂಡೆನ್ಸರು ಜಾರಿತು.
ನೀರು ಬಿಡುವ ಮೂತಿ ಮುರಿದು
ಬೆಂಚಿನ ಕೆಳಗೆಲ್ಲ ಚೂರು.
ನಾನು ಪಕ್ಕದ ಮೇಜು; ಒಂದೇ ಮನೆಯಲ್ಲಿ ಬಾಡಿಗೆಗಿರುವವಳು.
ಏನೋ ಹೇಳಬೇಕಿತ್ತು.
ಹೇಳಿದ್ದು: 'ಪೊರಕೆ ಅಲ್ಲಿದೆ.'

ಹೊಸದಕ್ಕೆ ನಲವತ್ತೆರಡು ಸಾವಿರ ಪೆಸೊ.
ಲೆಬುವಿನ ಬಂಡೆಗಳ ಮೇಲೆ ಇವಳ ಅಮ್ಮ
ಮೊಣಕಾಲುದ್ದ ತಣ್ಣೀರಲ್ಲಿ ನಿಂತು
ಒಂದು ವಾರ ಕಿತ್ತು ಒಣಗಿಸಿ ಮಾರುವ ಕಡಲಪಾಚಿ.

ಟವೆಲ್ಲಿನಲ್ಲಿ ಸುತ್ತಿ, ಕೂಸಿನ ಹಾಗೆ ಹಿಡಿದು,
ಇಬ್ಬರೂ ನೆಲಮಾಳಿಗೆಗೆ ಇಳಿದೆವು.
ಅಲ್ಲಿ ದೊನ್ ನಿಬಾಲ್ದೊ.
ಡಿಗ್ರಿಯಿಲ್ಲ. ಗುಲಾಬಿ ಬಣ್ಣದ ಕನ್ನಡಕ.
ಮೂವತ್ತೊಂದು ವರ್ಷದಿಂದ ಇಡೀ ವಿಭಾಗದ ಗಾಜಿಗೆ
ಉಸಿರು ಕೊಡುತ್ತಿರುವವನು.
ಹೆಸರು ಕೇಳಲಿಲ್ಲ. ಯಾಕಾಯ್ತು ಅಂತಲೂ ಇಲ್ಲ.
'ಕೀಲು ಹತ್ತೊಂಬತ್ತೋ ಇಪ್ಪತ್ನಾಲ್ಕೋ?' ಅಷ್ಟೇ.

ಉರಿ ಹೊತ್ತಿತು, ಹಳದಿ, ಆಮೇಲೆ ನೀಲಿ.
ರಬ್ಬರು ನಳಿಕೆಯ ತುದಿಯನ್ನು ಇವಳ ತುಟಿಗೆ ಕೊಟ್ಟ:
'ಊದು. ಜೋರಾಗಲ್ಲ ಹುಡುಗಿ,
ಚಹಾ ಆರಿಸ್ತೀಯಲ್ಲ, ಹಾಗೆ.'
ಊದಿದಳು. ಕೆಂಪು ಗಾಜು ಕೆನ್ನೆಯಷ್ಟೇ ಉಬ್ಬಿತು,
ಹೊಸ ಮೂತಿಯನ್ನು ಕಚ್ಚಿಕೊಂಡಿತು.
ಬೆಸುಗೆ ಎಲ್ಲಿ? ಹುಡುಕಿದರೂ ಕಾಣದು.

'ಆಯ್ತಲ್ಲ,' ಅಂದೆ ನಾನು.
'ಎಲ್ಲಿ ಆಯ್ತು?'
ಎರಡು ಕಪ್ಪು ಫಲಕಗಳ ನಡುವೆ ಅದನ್ನಿಟ್ಟು
ಹಿಂದಿನಿಂದ ದೀಪ ಹಾಕಿದ.

ಅಯ್ಯೋ, ಆ ಬಣ್ಣ!
ಕತ್ತಲಲ್ಲಿ ಗಾಜೇ ಇಲ್ಲ,
ಬೆಸುಗೆಯ ಸುತ್ತ ಮಾತ್ರ
ಕಿತ್ತಳೆ, ನೇರಳೆ, ನವಿಲಿನ ಕೊರಳ ನೀಲಿ.
'ಎಷ್ಟು ಚೆಂದ!'
'ಚೆಂದವೇ. ಒಡೆಯೋದೂ ಅಲ್ಲೇ.
ಇವತ್ತಲ್ಲ. ಯಾವತ್ತೋ, ಯಾರೂ ಮುಟ್ಟದೆ,
ಕಪಾಟಿನಲ್ಲಿ ಸುಮ್ಮನೆ ಕೂತಲ್ಲೇ.'

ಯಾರಿತ್ಸಾ ಬಾಯಿ ಬಿಡಲಿಲ್ಲ.
ಹತ್ತಿರ ಹೋಗಿ, ಉಸಿರಿನ ಮಂಜು ಫಲಕಕ್ಕೆ ಕೂರುವಷ್ಟು ಹತ್ತಿರ,
ನೋಡಿದಳು, ನೋಡಿದಳು.

ಮತ್ತೆ ಕುಲುಮೆ. ಐನೂರ ಅರವತ್ತು ಡಿಗ್ರಿ.
'ರಾತ್ರಿಯಿಡೀ ಇಳೀಬೇಕು, ತನ್ನ ಪಾಡಿಗೆ ತಾನು.
ನಡುವೆ ಬಾಗಿಲು ತೆಗೆದು
ಆಯ್ತಾ ಆಯ್ತಾ ಅಂತ ಇಣುಕಿದಿರೋ, ಕೆಟ್ಟಿತು.'
ಲೆಕ್ಕದ ಪುಸ್ತಕದಲ್ಲಿ ಬೆಲೆಯ ಜಾಗಕ್ಕೆ ಒಂದು ಗೀಟು ಎಳೆದು
ಪಕ್ಕದಲ್ಲಿ ಬರೆದ: ನಾಳೆ ಒಂಬತ್ತು ಗಂಟೆ.

ಮನೆಗೆ ಬಂದು ಬ್ರೆಡ್ಡು ಸೀಳಿ ಬೆಣ್ಣೆಹಣ್ಣು ಹಚ್ಚಿದೆ.
ಒಂದು ತಿಂದಳು. ಇನ್ನೊಂದು ಕೇಳಿ ತಿಂದಳು.
'ಆ ಕಪ್ಪು ಫಲಕ ಅಂಗಡೀಲಿ ಎಷ್ಟಕ್ಕೆ ಸಿಗತ್ತೋ,' ಅಂದಳು,
ಗೋಡೆ ಕಡೆ ತಿರುಗಿ.
ನಾನು ಚಹಾ ಸುರಿಯುತ್ತಿದ್ದೆ; ಸುರಿಯುತ್ತಲೇ ಇದ್ದೆ,
ಬಟ್ಟಲು ತುಂಬಿ ತಟ್ಟೆಗಿಳಿಯುವ ತನಕ.

ಹತ್ತು ಗಂಟೆಗೆ ಅಡುಗೆಮನೆಯ ಮೇಜಿನ ಮೇಲೇ
ತಲೆಯಿಟ್ಟು ಮಲಗಿದ್ದಳು,
ಅರ್ಧ ಬಿಡಿಸಿದ ಅನುಕಲ ಕೆನ್ನೆಯಡಿಗೆ.
ಕತ್ತು ನೋಯುತ್ತದೆ, ಎಬ್ಬಿಸಿ ಮಂಚಕ್ಕೆ ಕಳಿಸೋಣವೆಂದು
ಭುಜದ ತನಕ ಹೋದ ಕೈಯನ್ನು
ಹಿಂದಕ್ಕೆ ತಂದುಕೊಂಡೆ.

ಒಲೆಯ ಬಿಸಿ ಒಳಗೇ ಇರಲೆಂದು
ಬಾಗಿಲು ಎಳೆದುಕೊಂಡೆ, ಚಿಲಕದ ಸದ್ದಾಗದ ಹಾಗೆ.
ಎಂಟೂವರೆಗೆ ಅಲಾರಂ ಇಟ್ಟೆ,
ನನ್ನ ಫೋನಿನಲ್ಲಿ.