ಹಳದಿಯ ಡಬ್ಬಿ

ಗುಂಡಿ ಸರ್ಕಲ್ಲಿನ ಜಿಮ್ಮಿನಿಂದ ಮೆಟ್ಟಿಲಿಳಿದರೆ
ಮೊದಲು ಕಾಣುವುದು ಮಾಬುಬಿಯ ಗಾಡಿ.
ಪಂಪ್ ಸ್ಟೌವಿನ ಮೇಲೆ ನೆಗ್ಗಿದ ಬೋಗುಣಿ,
ಕುದಿವ ನೀರಲ್ಲಿ ತಲೆಗೆ ತಲೆ ಕುಟ್ಟಿಕೊಂಡು
ಗೊಣಗುವ ಮೊಟ್ಟೆಗಳು.

ನಮ್ಮದು ಸಂಜೆ ಎಂಟರ ಬ್ಯಾಚು.
ನಾನು, ವಾಗೀಶ, ಹೂವಿನಂಗಡಿಯ ತಿಪ್ಪೇಶಿ.
ತೋಳು ಇನ್ನೂ ನಡುಗುತ್ತಿರುತ್ತದೆ,
ಬನಿಯನ್ನು ಬೆನ್ನಿಗಂಟಿರುತ್ತದೆ,
ತಲಾ ಆರು ಮೊಟ್ಟೆ.

ಆಕೆ ಚಾಕು ಹಿಡಿಯುವುದಿಲ್ಲ.
ಹಲ್ಲಲ್ಲೊಂದು ತುದಿ, ಬೆರಳಲ್ಲೊಂದು ತುದಿ,
ಬಿಳಿ ದಾರ ಎಳೆದರೆ ಮೊಟ್ಟೆ ಎರಡು ಹೋಳು.
ಮೊದಮೊದಲು ನಾವು ಹಳದಿಯನ್ನು
ತಟ್ಟೆಯ ಅಂಚಿಗೆ ತಳ್ಳುತ್ತಿದ್ದೆವು,
ಅನ್ನದಲ್ಲಿ ಸಿಕ್ಕ ಕಲ್ಲಿನ ಹಾಗೆ.
ಬಿಳಿ ಅಂದರೆ ಸ್ನಾಯು, ಹಳದಿ ಅಂದರೆ ಕೊಬ್ಬು
ಎಂದಿದ್ದ ನಮ್ಮ ಕೋಚು. ಅಷ್ಟೇ ಹೇಳಿದ್ದು.
ನಾವೂ ಅಷ್ಟೇ ಕೇಳಿದ್ದು.

ತಿಂಗಳಾದ ಮೇಲೆ ಮಾಬುಬಿ
ತಟ್ಟೆಗೆ ಹಾಕುವ ಮೊದಲೇ ಕೇಳತೊಡಗಿದಳು:
"ಹಳದಿ ಬೇಕಾ, ಬ್ಯಾಡ್ವಾ?"
ಬ್ಯಾಡ ಅಂದದ್ದೆಲ್ಲ ಸ್ಪೂನಿನ ತುದಿಯಲ್ಲಿ ಜಾರಿ
ಸ್ಟೀಲಿನ ಡಬ್ಬಿ ಸೇರುತ್ತಿತ್ತು.
"ನಾಯಿಗಾ?" ಅಂದ ವಾಗೀಶ ನಗುತ್ತ.
"ನಾಯಿಗ್ಯಾಕೆ? ಊರಾಗೆ ಮಕ್ಳಿಲ್ವಾ?
ಎಂಜ್ಲು ಕೊಡೋಳಲ್ಲ ನಾನು, ಅದ್ಕೇ ಮೊದ್ಲೇ ಕೇಳ್ತೀನಿ."

ಹಗಲು ನಾನು ಲ್ಯಾಬಿನಲ್ಲಿ ರಕ್ತ ತೆಗೆಯುವವನು.
ಆಕೆ ಕರೆಯುವುದೇ "ರಕ್ತದಣ್ಣ" ಅಂತ.
ರಬ್ಬರು ಬಿಗಿದು ನರ ಹುಡುಕುತ್ತೇನೆ,
ನೋಡಬೇಡ ಕಂದಾ, ಆಚೆ ನೋಡು, ಅನ್ನುತ್ತೇನೆ.
ಹನ್ನೆರಡಿದ್ದರೆ ಕಾಗದ ಮಡಚಿ ಕೊಡುತ್ತೇನೆ.
ಏಳಿದ್ದರೆ ಇನ್ನೊಮ್ಮೆ ಮಷೀನಿಗೆ ಹಾಕುತ್ತೇನೆ,
ಮಷೀನಿನ ತಪ್ಪಿರಲಿ ದೇವರೇ ಅಂತ.

ಒಂದು ರಾತ್ರಿ ಗಾಡಿಯ ಚಕ್ರ ಮುರಿಯಿತು.
ಡಬ್ಬಿ ತೊಡೆಯ ಮೇಲಿಟ್ಟುಕೊಂಡು
ನನ್ನ ಬೈಕಿನ ಹಿಂದೆ ಕೂತಳು ಮಾಬುಬಿ.
ಮಂಡಕ್ಕಿ ಭಟ್ಟಿಯ ಓಣಿ.
ಕಾದ ಮರಳಲ್ಲಿ ಅಕ್ಕಿ ಸಿಡಿದು ಅರಳುವ ಸದ್ದು,
ಗೋಡೆ ಕಪ್ಪು, ಬಾಗಿಲು ಕಪ್ಪು,
ಕಟ್ಟೆಯ ಮೇಲೆ ಕೂತ ಒಂಬತ್ತು ಮಕ್ಕಳ
ಕಣ್ಣಷ್ಟೇ ಬಿಳಿ. ನಾನು ಅಭ್ಯಾಸದಿಂದ
ರೆಪ್ಪೆ ಕೆಳಗೆಳೆದು ನೋಡಿದೆ ಒಂದೆರಡು.
ಒಳಗೂ ಬಿಳಿಯೇ.

ಮರದಲ್ಲಿ ಮಂಡಕ್ಕಿ, ಮೇಲೆ ಈರುಳ್ಳಿ, ಉಪ್ಪು,
ಹಳದಿಗಳನ್ನೆಲ್ಲ ಅಂಗೈಯಲ್ಲಿ ಪುಡಿ ಮಾಡಿ ಉದುರಿಸಿದಳು.
ಹೆಚ್ಚು ಬೆಂದವಕ್ಕೆ ಹಸಿರು ಅಂಚು.
ಮೂರು ನಿಮಿಷದಲ್ಲಿ ಮರ ಖಾಲಿ.

ಆ ರಾತ್ರಿ ಡಿಪ್ಲೊಮಾದ ಹಳೇ ಪುಸ್ತಕ ತೆಗೆದೆ.
ಬಿಳಿಯಲ್ಲಿ ಪ್ರೋಟೀನು, ಸರಿ, ಉಳಿದದ್ದು ನೀರು.
ಕಬ್ಬಿಣ ಹಳದಿಯಲ್ಲಿ. ಕಣ್ಣಿಗೆ ಬೇಕಾದ ಎ,
ಮೂಳೆಗೆ ಬೇಕಾದ ಡಿ, ಎಲ್ಲ ಹಳದಿಯಲ್ಲಿ.
ಪ್ರೋಟೀನು ಕೂಡ ಅಲ್ಲೇ ಸುಮಾರು ಅರ್ಧದಷ್ಟು.
ಮರಿಯೊಂದು ಹುಟ್ಟುವ ತನಕ ಸಾಲುವ ಬುತ್ತಿಯನ್ನು
ಕೋಳಿ ಅಲ್ಲಿ ಕಟ್ಟಿಟ್ಟಿದೆ.
ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ ಇದನ್ನು,
ಐದು ಅಂಕಕ್ಕೆ.

ಹೇಳಿಬಿಡಲೇ ವಾಗೀಶನಿಗೆ?
ಹೇಳಿದರೆ ನಾಳೆಯಿಂದ ಡಬ್ಬಿ ಖಾಲಿ.
ಹೇಳದಿದ್ದರೆ ಸ್ನೇಹಿತನಿಗೆ ಮೋಸ.
ಮಾಬುಬಿಯನ್ನೇ ಕೇಳಿದೆ.
"ನಂಗೊತ್ತಿಲ್ವಾ?" ಅಂದಳು ದಾರ ಎಳೆಯುತ್ತ,
"ನಾಲ್ಕು ಹೆತ್ತೋಳು. ನೀನು ಸುಮ್ನಿರು, ರಕ್ತದಣ್ಣ.
ಅವ್ರಿಗೆ ಮನೇಲಿ ತುಪ್ಪ ಐತೆ."

ಸುಮ್ಮನಿದ್ದೇನೆ. ಅದು ಸರಿಯೋ ಗೊತ್ತಿಲ್ಲ.
ಸಂಬಳದ ದಿನ ಮಾತ್ರ ಹತ್ತು ಇಡೀ ಮೊಟ್ಟೆ,
ಚಿಪ್ಪಿನ ಸಮೇತ, ಓಣಿಗೆ ಒಯ್ದೆ.
ಹಾಲಪ್ಪನ ಮಗ ಚಿಪ್ಪು ಸುಲಿಯುವುದು ಬೇಗ ಕಲಿತ.
ಮುಬೀನಾ, ಐದೂವರೆ ವರ್ಷ, ಚಿಪ್ಪು ತೆಗೆದಳು,
ಒಳಗಿನ ನುಣುಪನ್ನು ಬೆರಳಿಂದ ಒತ್ತಿ ನೋಡಿದಳು,
ಇನ್ನೊಂದು ಸಿಪ್ಪೆ ಅಂದುಕೊಂಡು
ಅದನ್ನೂ ಬಿಡಿಸಿ ಬಿಡಿಸಿ
ಕಟ್ಟೆಯ ಅಂಚಿಗೆ ತಳ್ಳಿ,
ಉಂಡೆ ಹಳದಿಯನ್ನು ಬಾಯಿಗೆ ಹಾಕಿಕೊಂಡಳು.